ಮನೆ ಮಾರುವುದು ಪಾಪವೆ?

ಹಿರಿಯರು ಕಟ್ಟಿಸಿದ ಮನೆ ಮಾರಿದರೆ ಪಾಪ ಸುತ್ತಿಕೊಳ್ಳುತ್ತದೆ, ಮನೆಯೊಡನೆ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎಂಬ ನಂಬಿಕೆ ಕನ್ನಡನಾಡಿನಲ್ಲಿ ಹಳೆಯದು. ಮೈಸೂರಿನ ರಾಮಕೃಷ್ಣನಗರದಂಥ ಬಡಾವಣೆಗಳಲ್ಲಿ ಅದಿನ್ನೂ ಅಳಿದಿಲ್ಲ. ಮಕ್ಕಳು ದೂರದೂರುಗಳಲ್ಲಿ ನೆಲೆಸಿ, ಮಹಡಿಯ ಮೆಟ್ಟಿಲು ಹತ್ತುವುದು ಕಷ್ಟವಾದ ಮೇಲೂ ಮಾರಲು ಅಂಜುವ ವೃದ್ಧ ದಂಪತಿಗಳುಂಟು.

ಈ ಅಂಜಿಕೆಗೆ ಶಾಸ್ತ್ರದಲ್ಲೊಂದು ಬೇರಿದೆ: ಸ್ಥಾವರವನ್ನು ಮಾರಕೂಡದೆನ್ನುವ ಸ್ಮೃತಿವಚನ. ಅದಕ್ಕೆ ಸಮಾಧಾನ ಹೇಳಿದ್ದೂ ಕನ್ನಡ ನೆಲದಲ್ಲೇ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಮಾರಾಟದ ಬಾಗಿಲು ಮುಚ್ಚಲಿಲ್ಲ. ಚಿನ್ನವನ್ನೂ ನೀರನ್ನೂ ಕೊಟ್ಟು, ದಾನದ ರೂಪದಲ್ಲಿ ಅದನ್ನು ನಡೆಸಬೇಕೆಂದ. ಜೊತೆಗೆ ಊರವರ, ನೆರೆಯವರ, ದಾಯಾದಿಗಳ ಸಮ್ಮತಿಯನ್ನೂ ಕೇಳಿದ. ಊರವರ ಸಮ್ಮತಿ ಏಕೆ ಬೇಕು? ವ್ಯವಹಾರ ಬಹಿರಂಗವಾಗಲೆಂದು. ನೆರೆಯವರದು? ಗಡಿಯ ತಕರಾರು ಏಳದಿರಲೆಂದು. ಆಪತ್ತಿನಲ್ಲಿ, ಕುಟುಂಬದ ಪೋಷಣೆಗೆ, ಧರ್ಮಕಾರ್ಯಕ್ಕೆ ಮನೆಯವನೊಬ್ಬನೇ ಮಾರಲೂ ಅವಕಾಶವಿತ್ತು. ಅವನ ವಿವರಣೆಯನ್ನು ನಿಧಾನವಾಗಿ ಓದಿದರೆ, ಹಿಂದಿನವರು ಅಂಜಿದ್ದು ಗುಟ್ಟಿನ ಮಾರಾಟಕ್ಕೆ ಎನ್ನಿಸುತ್ತದೆ.

ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಧಾರಾಪೂರ್ವಕ’ ಎಂಬ ಮಾತು ನೀರೆರೆದು ಕೊಡುವ ಆ ಪದ್ಧತಿಯದೇ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಪಟ್ಟಿಯನ್ನು ಇಂದಿನ ಕ್ರಯಪತ್ರಗಳಲ್ಲೂ ಕಾಣಬಹುದು. ನೆಲದಡಿಯ ನಿಧಿಯೂ ಆ ಪಟ್ಟಿಯಲ್ಲಿದೆ, ದೇವರಮನೆಯ ದೇವರು ಮಾತ್ರ ಅದರಲ್ಲಿಲ್ಲ. ಪಟ, ವಿಗ್ರಹ, ನಂದಾದೀಪಗಳು ಕುಟುಂಬದ ಜೊತೆಗೇ ಹೊಸ ಮನೆಗೆ ಹೋಗುತ್ತವೆ.

ಬಂಧುಗಳ ಹಕ್ಕಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಎರಡು ಕಡೆಗೂ ವಾಲುತ್ತದೆ. ತಂದೆ ಸಂಬಳ ಉಳಿಸಿ ಕೊಂಡ ಮುಡಾ ನಿವೇಶನವನ್ನು ಮಕ್ಕಳು ‘ಪಿತ್ರಾರ್ಜಿತ’ ಎನ್ನುತ್ತಾರೆ. ಅದು ಸ್ವಯಾರ್ಜಿತ, ಮಾರಲು ಅವರ ಸಹಿ ಕಾನೂನಿನಲ್ಲಿ ಬೇಕಿಲ್ಲ. ಇನ್ನೊಂದು ಕಡೆ, ಮದುವೆ ಮಾಡಿ ಕಳಿಸಿದ ಮಗಳಿಗೆ ಅರಿಶಿನ ಕುಂಕುಮವಷ್ಟೇ ಎಂಬ ಮಾತು. ಹಿಂದೂ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಪಾಲು ಎಂದು 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೃಢಪಡಿಸಿತು. ಅವಳನ್ನು ಕೇಳದೆ ಮನೆ ಮಾರುವುದು ದೊಡ್ಡ ಅನ್ಯಾಯ, ಮಿತಾಕ್ಷರಾ ಕೇಳಿದ ದಾಯಾದಿಗಳ ಸಮ್ಮತಿಯ ಸಾಲಿನಲ್ಲಿ ಇಂದು ಅವಳೂ ನಿಂತಿದ್ದಾಳೆ.

ಅಗ್ರಿಮೆಂಟ್ ಆದ ದಿನವೇ ಮನೆ ಕೈಬಿಟ್ಟಿತೆಂಬುದೂ ಸರಿಯಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಕರಾರು ಮಾತ್ರದಿಂದ ಒಡೆತನ ಬದಲಾಗದು, ನೋಂದಾಯಿತ ಕ್ರಯಪತ್ರವೇ ಆಗಬೇಕು. ಖಾತೆ ತೆರಿಗೆಯ ದಾಖಲೆಯೇ ಹೊರತು ಹಕ್ಕಿನ ಪತ್ರವಲ್ಲ. ಊರವರ ಸಮ್ಮುಖದಲ್ಲಿ ಆಗುತ್ತಿದ್ದ ಬಹಿರಂಗದ ಕೆಲಸ ಈಗ ಉಪನೋಂದಣಾಧಿಕಾರಿಯ ಕಚೇರಿಯದು.

ಬಡಾವಣೆಗೆ ಹೆಸರು ಕೊಟ್ಟ ರಾಮಕೃಷ್ಣ ಪರಮಹಂಸರು ಸಿರಿವಂತರ ಮನೆಯ ಸೇವಕಿಯ ದೃಷ್ಟಾಂತ ಹೇಳುತ್ತಿದ್ದರು. ಯಜಮಾನರ ಮನೆಯನ್ನು ಅವಳು ‘ನಮ್ಮ ಮನೆ’ ಎನ್ನುತ್ತಾಳೆ, ಮನಸ್ಸು ಮಾತ್ರ ತನ್ನೂರಿನಲ್ಲಿರುತ್ತದೆ. ಇದನ್ನು ಮನೆಯ ಬಗೆಗಿನ ತಾತ್ಸಾರವೆಂದು ತಿಳಿಯುವವರಿದ್ದಾರೆ. ಆದರೆ ಆ ಸೇವಕಿ ಕೆಲಸದಲ್ಲಿ ಒಂದಿಷ್ಟೂ ಕೊರತೆ ಮಾಡುವುದಿಲ್ಲ. ಮನೆ ಬಿಟ್ಟುಕೊಡುವವರಿಗೂ ಅಂಥದೇ ಹೊಣೆಯಿದೆ. ಕೊಳ್ಳುವವರ ಕಣ್ಣಿಗೆ ಸುಲಭವಾಗಿ ಬೀಳದ ಮುಖ್ಯ ದೋಷಗಳನ್ನು, ಅವು ಕಟ್ಟಡದಲ್ಲಿರಲಿ ಹಕ್ಕಿನಲ್ಲಿರಲಿ, ತಿಳಿದಿದ್ದರೆ ಬಾಯಿಬಿಟ್ಟು ಹೇಳಬೇಕು. ಮುಚ್ಚಿಟ್ಟರೆ ಅದು ವಂಚನೆಯೆಂದು ಅದೇ 1882ರ ಕಾಯ್ದೆಯ 55ನೇ ಕಲಂ ಎಣಿಸುತ್ತದೆ.