ವರತಿಯ ತಿಳಿನೀರು

ಇಂಡಿ, ಸಿಂದಗಿ ಸೀಮೆಗಳ ಬಡಗಣ ಎಲ್ಲೆಯಾಗಿ ಹರಿಯುವ ಭೀಮೆಯು ಬೇಸಗೆಯಲ್ಲಿ ಬತ್ತಿ ಬರಿಯ ಉಸುಕಿನ ಹಾಸಾಗಿ ಉಳಿದಾಗ, ಆ ಉಸುಕನ್ನು ಮೊಳದಾಳ ತೋಡಿ ವರತಿ ಮಾಡುವುದು ತೀರದವರ ಹಳೆಯ ರೂಢಿ. ಮೊದಲು ಜಿನುಗುವುದು ರಾಡಿ. ಅದನ್ನು ಬಟ್ಟಲಿನಿಂದ ಮೊಗೆಮೊಗೆದು ಚೆಲ್ಲಿ ತುಸುಹೊತ್ತು ಕಾದು ಕುಳಿತರೆ, ತಳದ ಹರಳು ಕಾಣುವಂಥ ತಿಳಿನೀರು ತಾನಾಗಿ ಬಂದು ನಿಲ್ಲುತ್ತದೆ. ಶುದ್ಧಿಯೆಂಬುದು ಮಲದ ನಾಶವೋ, ಕೇವಲ ಉಪಶಮನವೋ ಎಂಬ ಪ್ರಶ್ನೆ ಆ ನೀರನ್ನು ಕಂಡಾಗಲೆಲ್ಲ ನನ್ನನ್ನು ಕಾಡಿದೆ.

ಶಂಕರಾಚಾರ್ಯರದೆಂದು ಪ್ರಸಿದ್ಧವಾದ ‘ಆತ್ಮಬೋಧ’ದಲ್ಲಿ ಜ್ಞಾನಕ್ಕೆ ಕತಕದ, ಎಂದರೆ ಚಿಲ್ಲದ ಬೀಜದ ಉಪಮೆಯುಂಟು: ಕದಡಿದ ನೀರನ್ನು ತಿಳಿಗೊಳಿಸಿ ಆ ಪುಡಿ ತಾನೂ ಅಡಗುವಂತೆ, ಅಜ್ಞಾನವನ್ನು ಕಳೆದು ಜ್ಞಾನವೃತ್ತಿಯೂ ಅಡಗುವುದು. ಉಪಮೆ ಮನೋಹರವಾದುದು, ಆದರೆ ಕೊಡದ ತಳದಲ್ಲಿ ಕೆಸರು ಉಳಿದೇ ಇರುತ್ತದೆಯಲ್ಲ! ಶೈವಶಾಸ್ತ್ರವು ಮಲತ್ರಯದಲ್ಲಿ ಮೂಲವಾದುದನ್ನು ‘ಆಣವ’ವೆಂದಿತು, ವ್ಯಾಪಕನಾದ ಆತ್ಮನು ತನ್ನನ್ನು ಅಣುವೆಂದು ಬಗೆಯುವುದೇ ಆ ಮಲ. ಅಣುವಾದುದರ ಹಟವೂ ದೊಡ್ಡದೇ. ನಿಂತ ನೀರಿನಲ್ಲಿ 0.2 ಮಿಲಿಮೀಟರಿನ ಉಸುಕು 10 ಸೆಂಟಿಮೀಟರು ಇಳಿಯಲು ಕೆಲವೇ ಸೆಕೆಂಡು ಸಾಕು, 0.002 ಮಿಲಿಮೀಟರಿನ ಜೇಡಿಕಣಕ್ಕೆ ಸುಮಾರು 8 ಗಂಟೆ ಬೇಕು.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದು ಉಸುಕಿನ ಸಂದುಗಳಲ್ಲಿ ನಡೆಯುತ್ತದೆ. ಜೇಡಿಕಣವೂ ಉಸುಕಿನ ಹರಳೂ ಸಾಮಾನ್ಯವಾಗಿ ಋಣವಿದ್ಯುತ್ತನ್ನೇ ಹೊತ್ತು ಪರಸ್ಪರ ದೂಡುತ್ತವೆ. ನೀರಿನಲ್ಲಿ ಲವಣವಿದ್ದರೆ ಆ ದೂಡುವ ಬಲ ಕುಗ್ಗಿ, ಕಣಗಳು ಒಂದಕ್ಕೊಂದು ಕೂಡಿ ಹರಳಿಗೆ ಅಂಟಿ ಕೂಡುತ್ತವೆ. ಬಾಗೇವಾಡಿ, ಮುದ್ದೇಬಿಹಾಳಗಳ ಎರೆನೆಲವನ್ನು ಹಾದು ಕೃಷ್ಣೆಯನ್ನು ಸೇರುವ ಡೋಣಿಯದು ಸವಳು ನೀರು. ಇಂಥ ಸವಳಿನಲ್ಲಿ ಶಾಂತವಾಗಿ ಕುಳಿತ ಕಣಗಳ ನಡುವೆ ಮಳೆಯ ಸಿಹಿನೀರು ಇಳಿದೊಡನೆ ಹಿಡಿತ ಸಡಿಲಿ, ಅವು ಎದ್ದು, ಸಂದಿನಿಂದ ಸಂದಿಗೆ ಸಾಗಿ, ಇಕ್ಕಟ್ಟಾದ ಕಂಡಿಗಳಲ್ಲಿ ಸಿಕ್ಕು ನೀರಿನ ದಾರಿಯನ್ನೇ ಕಟ್ಟುತ್ತವೆ. ಕೆಸರನ್ನೆಬ್ಬಿಸಿದ್ದು ಉಪ್ಪಲ್ಲ, ಸಿಹಿ! ಬರಗಾಲದ ಬವಣೆಯಲ್ಲಿ ಸುಳಿವೇ ಇಲ್ಲದಿದ್ದ ಅಹಂಕಾರವು ಸುಗ್ಗಿಯ ವರ್ಷ ನಾಲ್ವರು ಹೊಗಳಿದೊಡನೆ ತಲೆಯೆತ್ತುವುದನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಅಡಗಿದ ವಾಸನೆಗೆ ದುಃಖಕ್ಕಿಂತ ಸುಖವೇ ಕಠಿನವಾದ ಪರೀಕ್ಷೆಯೆಂದು ನಾನು ನಂಬಿದ್ದೇನೆ.

ಮಲತ್ರಯವು ಗುರುದೀಕ್ಷೆಯಿಂದ ಅಳಿಯುವುದೆಂದ ವೀರಶೈವವೇ ಇಷ್ಟಲಿಂಗದ ಪೂಜೆಯನ್ನು ನಿತ್ಯಕರ್ಮವಾಗಿ ವಿಧಿಸಿತು. ಈ ಎರಡು ಮಾತುಗಳಲ್ಲಿ ನನಗೆ ವಿರೋಧ ಕಾಣುವುದಿಲ್ಲ. ನಿನ್ನೆ ಸಂಜೆ ಕನ್ನಡಿಯಂತಿದ್ದ ವರತಿಯ ಬಳಿಗೆ ನಸುಕಿನಲ್ಲಿ ಬಂದ ಹೆಣ್ಣುಮಗಳು ಕೊಡವನ್ನು ಪಕ್ಕಕ್ಕಿರಿಸಿ, ಮೊದಲ ನಾಲ್ಕು ಬಟ್ಟಲು ನೀರನ್ನು ಉಸುಕಿನ ಮೇಲೆ ಚೆಲ್ಲಿ, ಮತ್ತೆ ಕಾಯುತ್ತ ಕೂಡುತ್ತಾಳೆ.