ನೋಟವೂ ಪ್ರಸಾದವಾಗಲಿ



ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ, 11ನೆಯ ಶತಮಾನದ ಗಳಗೇಶ್ವರ ದೇವಾಲಯದ ಬಳಿ ಸಂಜೆ ಕುಳಿತವನಿಗೆ ಹೊಳೆಯೂ ವಿಶಾಲ, ಆಕಾಶವೂ ವಿಶಾಲ. ಇದೇ ಹೊಳೆಯ ಕೆಳದಂಡೆಯ ಹಂಪಿಯ ಹೇಮಕೂಟದಲ್ಲಿ, ಮಲೆನಾಡಿನ ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ಹಾಗಲ್ಲ. ಬಿಂಬವು ದಿಗಂತವನ್ನು ಮುಟ್ಟಿ ಮರೆಯಾಗಲು ನಮ್ಮ ನಾಡಿನಲ್ಲಿ 2 ನಿಮಿಷಕ್ಕಿಂತ ತುಸು ಹೆಚ್ಚು ಸಾಕು. ಆಗ ಮುಂದಿನವರೆಲ್ಲ ಕೈಯೆತ್ತಿ ಚಿತ್ರ ತೆಗೆಯುತ್ತಾರೆ. ಹಿಂದಿನವರಿಗೆ ಸೂರ್ಯನ ಬದಲು ಮೊಬೈಲುಗಳು ಕಾಣುತ್ತವೆ.

ಚಿತ್ರ ತೆಗೆಯುವುದು ದೋಷವೇ? ಅಲ್ಲ. ನಡೆಯಲಾರದ ತಾಯಿಗೆ ತೋರಿಸಲೆಂದು ಮಗನು ತೆಗೆದ ಚಿತ್ರವು ದಾಸೋಹವೇ ಸರಿ. ಕಣ್ಣು ಕಂಡ ರೂಪವನ್ನು ಶಿವಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸಬೇಕೆಂಬುದು ನಮ್ಮ ಷಟ್‌ಸ್ಥಲ ಸಿದ್ಧಾಂತ. ಅರ್ಪಿಸದೆ ಕೊಂಡದ್ದು ಬರಿಯ ಪದಾರ್ಥ. ಪಕ್ಕದವನನ್ನು ತಳ್ಳಿ ಪದಾರ್ಥವನ್ನು ಪಡೆಯಬಹುದು, ಪ್ರಸಾದವನ್ನು ಪಡೆಯಲಾಗದು.

ಸೂರ್ಯನ ಪ್ರಖರತೆಗೆ ಹೊಂದಿಸಿದ ಕ್ಯಾಮರಾದಲ್ಲಿ ಎದುರಿಗೆ ನಿಂತ ಮನುಷ್ಯನು ಕಪ್ಪು ನೆರಳಾಗುತ್ತಾನೆ. ಅದು ಯಂತ್ರದ ಮಿತಿ. ಚಿತ್ರವೊಂದನ್ನೇ ಬಯಸಿ ಹೋದ ಮನಸ್ಸಿಗೂ ಸುತ್ತಲಿನವರು ನೆರಳುಗಳೇ ಆಗುತ್ತಾರೆ. ಆ ಕುರುಡು ಮಾತ್ರ ನಾವೇ ತಂದುಕೊಂಡದ್ದು.

ಆದುದರಿಂದ ಮೊದಲು ಕಣ್ತುಂಬ ನೋಡಿರಿ. ಬೇಕೆನಿಸಿದರೆ ಒಂದು ಚಿತ್ರ ತೆಗೆಯಿರಿ. ಬೆಳಕು ಇನ್ನೂ ಉಳಿದಿರುವಾಗಲೇ ಹಿಂದೆ ಸರಿದು, ಕಾದು ನಿಂತ ಮಗುವನ್ನು ಮುಂದೆ ಬಿಡಿರಿ. ಬಿಟ್ಟುಕೊಟ್ಟ ಆ ಎರಡಡಿ ನೆಲವೇ ಆ ಸಂಜೆಯ ನಿಮ್ಮ ಅರ್ಪಣೆ.