ಬಿಲ್ಲಿನಿಂದ ಬಿದ್ದ ಮಾತು

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಗೆ ಸೇರುವ ಜನಸಾಗರ ಕಾಯುವುದು ಕಾರ್ಣಿಕ ಎಂಬ ಭವಿಷ್ಯವಾಣಿಯ ಒಂದೇ ಒಂದು ಸಾಲಿಗೆ. ಡೆಂಕನಮರಡಿಯಲ್ಲಿ ಉಪವಾಸವಿದ್ದ ಗೊರವಯ್ಯ, ಅಂದರೆ ಮೈಲಾರಲಿಂಗನ ಭಕ್ತ, ಸರಸರನೆ ಎತ್ತರದ ಬಿಲ್ಲೇರಿ, ಆಕಾಶ ದಿಟ್ಟಿಸಿ ‘ಸದ್ದಲೇ’ ಎನ್ನುತ್ತಾನೆ. ಭಕ್ತರ ‘ಏಳುಕೋಟಿ’ ಜಯಘೋಷ, ಡಮರುಗ ಎಲ್ಲ ಥಟ್ಟನೆ ನಿಲ್ಲುತ್ತವೆ. ನಾಲ್ಕಾರು ಪದ ನುಡಿದವನೇ ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಕಾರ್ಣಿಕ ಅಷ್ಟಕ್ಕೆ ಮುಗಿಯಿತು. ಅರ್ಥ ಕಟ್ಟುವ ಕೆಲಸ ಶುರುವಾಗುವುದೇ ಆಮೇಲೆ.

2023ರ ನುಡಿ ‘ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್’. ವಿಧಾನಸಭೆ ಚುನಾವಣೆ ಹತ್ತಿರವಿತ್ತು; ಕಂಬಳಿ ಎಂದೊಡನೆ ಹಲವರಿಗೆ ಕಂಡದ್ದು ಕುರುಬ ಸಮುದಾಯದ ಕಾಂಗ್ರೆಸ್ ನಾಯಕ ಸಿದ್ದರಾಮಯ್ಯ. ಮೇ ತಿಂಗಳಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದು ಅವರೇ ಮುಖ್ಯಮಂತ್ರಿಯಾದರು. ಕಾರ್ಣಿಕ ನಿಜವಾಯಿತಲ್ಲ! ಆದರೆ ಅವರು ಸೋತಿದ್ದರೆ, ಕಂಬಳಿ ಗಾಳಿಗೆ ಹಾರಿಹೋಯಿತು ಎನ್ನಲು ಏನಡ್ಡಿಯಿತ್ತು? ಅದೇ ವರ್ಷ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಹಳಸಿದ ಅಂಬಲಿಯನ್ನು ಅದಕ್ಕೂ ಹೊಂದಿಸಬಹುದು. ಮಳೆ ಚೆನ್ನಾಗಿ ಬಂದಿದ್ದರೆ ಕಂಬಳಿ ಕುರಿಗಾಹಿಯ ಹೆಗಲೇರುತ್ತಿತ್ತು, ಅಷ್ಟೆ.

ಹಾಗೆಂದು ಹಳ್ಳಿಯವರನ್ನು ನೋಡಿ ನಗಬೇಕಿಲ್ಲ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ‘ಇದು ನಿನ್ನೊಬ್ಬನ ಸ್ವಭಾವ’ ಎಂಬಂತೆ ಒಂದೊಂದು ಚೀಟಿ ಕೊಟ್ಟ. ಎಲ್ಲ ಚೀಟಿಯಲ್ಲೂ ಇದ್ದದ್ದು ಜ್ಯೋತಿಷ್ಯದ ಪುಸ್ತಕದಿಂದ ಆಯ್ದ ಅವೇ ಮಾತುಗಳು. ಅದು ತಮಗೆ ಎಷ್ಟು ಒಪ್ಪುತ್ತದೆ ಎಂಬುದಕ್ಕೆ ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ 4ಕ್ಕೂ ಹೆಚ್ಚು. ಓದಿದವರ ಮನಸ್ಸೂ ಖಾಲಿ ಜಾಗವನ್ನು ತನ್ನದೇ ಸರಕಿನಿಂದ ತುಂಬಿಕೊಳ್ಳುತ್ತದೆ.

ಫೋರರನ ವಿದ್ಯಾರ್ಥಿಗಳು ಒಬ್ಬೊಬ್ಬರೇ ಓದಿಕೊಂಡರು. ಮೈಲಾರದ ಮಾತು ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಚಹಾದಂಗಡಿಯಲ್ಲಿ ನಾಲ್ಕು ಜನರ ಬಾಯಿಗೆ ಬಿದ್ದು ತಿರುಗುತ್ತದೆ. ನನಗೆ ಕುತೂಹಲ ಇರುವುದು ಅಲ್ಲಿಯೇ. ಈರುಳ್ಳಿ ಹಾಕಿದವನು ಅದರಲ್ಲಿ ದರ ಕೇಳಿಸಿಕೊಳ್ಳುತ್ತಾನೆ, ಟಿಕೆಟ್ ಆಕಾಂಕ್ಷಿ ಕುರ್ಚಿ ಕೇಳಿಸಿಕೊಳ್ಳುತ್ತಾನೆ. ‘ಈ ಸಲ ಬೋರ್ ಬತ್ತಿದರೆ ನನ್ನ ಕತೆ ಮುಗೀತು’ ಎಂದು ನೇರ ಹೇಳಲಾರದವನಿಗೂ ಕಾರ್ಣಿಕದ ನೆಪದಲ್ಲಿ ಬಾಯಿ ಬರುತ್ತದೆ. ಭವಿಷ್ಯ ತಿಳಿಯದಿದ್ದರೂ ಊರಿನ ಭಯ ತಿಳಿಯುತ್ತದೆ. ಕೆಟ್ಟದ್ದು ಟೀವಿಯವರ ಅವಸರ: ಗೊರವಯ್ಯ ನೆಲ ಮುಟ್ಟುವ ಮೊದಲೇ ಅವರು ಯಾರದೋ ಕುರ್ಚಿ ಅಲ್ಲಾಡಿಸಿರುತ್ತಾರೆ.

ಮುಂದಿನ ಕಾರ್ಣಿಕ ಕಿವಿಗೆ ಬಿದ್ದಾಗ, ಯಾರೂ ವಿವರಿಸುವ ಮುಂಚೆ ನಿಮಗೆ ಹೊಳೆದ ಅರ್ಥವನ್ನು ತಾರೀಖು ಹಾಕಿ ಬರೆದಿಡಿ. ದೀಪಾವಳಿಗೆ ತೆಗೆದು ಓದಿ. ಆ ವರ್ಷ ಏನಾಯಿತೆಂಬುದಕ್ಕಿಂತ, ಆ ದಿನ ನಿಮಗೆ ಏನು ಬೇಕಾಗಿತ್ತೆಂಬುದು ಅದರಲ್ಲಿ ಸಿಕ್ಕೀತು.